ಮಾದರಿ ಹಡಗುಗಳ ನೌಕಾಯುದ್ಧದ ಆಟ: ಹೊಸಬರು ಎಲ್ಲಿಂದ ಆರಂಭಿಸಬೇಕು?

ಅಘನಾಶಿನಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರಗಳು.

ಎರಡನೆಯ ಮಹಾಯುದ್ಧದ ನೌಕಾ ಇತಿಹಾಸವನ್ನು ನಾನು ಬಹಳ ಕಾಲದಿಂದ ಓದಿಕೊಂಡು ಬಂದವನು. ಹಡಗುಗಳ ಪುಟ್ಟ ಮಾದರಿಗಳನ್ನು ಮೇಜಿನ ಮೇಲೋ ನೆಲದ ಮೇಲೋ ನಿಲ್ಲಿಸಿ, ಅಳತೆಪಟ್ಟಿ ಮತ್ತು ದಾಳಗಳ ನೆರವಿನಿಂದ ಹಳೆಯ ಕದನಗಳನ್ನು ಮತ್ತೆ ಆಡಿ ನೋಡುವ ಹವ್ಯಾಸವನ್ನು ಈಗ ಶುರುಮಾಡಬೇಕೆಂದಿದ್ದೇನೆ. ನನ್ನೊಂದಿಗೆ ಆಡುವವನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗ. ಅವನಿಗೆ ಚದುರಂಗ ಚೆನ್ನಾಗಿ ಬರುತ್ತದೆ, ಲೆಕ್ಕವೂ ಚುರುಕು. ಆದರೆ ದಪ್ಪನೆಯ ನಿಯಮಪುಸ್ತಕವನ್ನು ಮುಂದಿಟ್ಟರೆ ಕುಳಿತು ಓದುವಷ್ಟು ತಾಳ್ಮೆ ಇನ್ನೂ ಬಂದಿಲ್ಲ.

ನನ್ನ ಮುಖ್ಯ ಗೊಂದಲ ಸ್ಕೇಲಿನದು, ಅಂದರೆ ಮಾದರಿಯು ನಿಜವಾದ ಹಡಗಿನ ಎಷ್ಟನೆಯ ಒಂದು ಪಾಲಿರಬೇಕು ಎಂಬುದು. 1/1200, 1/1800, 1/2400, 1/3000, 1/6000 ಎಂದು ಹಲವು ಅಳತೆಗಳಲ್ಲಿ ಮಾದರಿಗಳು ದೊರೆಯುತ್ತವೆ. ಒಂದು ಅಳತೆಯಲ್ಲಿ ಹಣ ಹಾಕಿದ ಮೇಲೆ ಇನ್ನೊಂದಕ್ಕೆ ಬದಲಾಯಿಸುವುದು ಸುಲಭವಲ್ಲವಾದ್ದರಿಂದ ಮೊದಲೇ ಸರಿಯಾದದ್ದನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಆಸೆ. ಜಾಗದ ಪ್ರಶ್ನೆಯೂ ಇದೆ. ನಮ್ಮ ಮನೆಯ ಹಜಾರ ಹತ್ತಡಿಗೆ ಹನ್ನೆರಡಡಿ ಇರಬಹುದು. ಇಪ್ಪತ್ತು ಸಾವಿರ ಗಜ ದೂರಕ್ಕೆ ಗುಂಡು ಹಾರಿಸುವ ಹಡಗುಗಳನ್ನು ಅಷ್ಟು ಜಾಗದಲ್ಲಿ ಹೇಗೆ ಆಡಿಸುತ್ತಾರೆಂಬುದು ನನಗೆ ತಿಳಿಯುತ್ತಿಲ್ಲ. ಯಾವ ನಿಯಮಗಳಿಂದ ಆರಂಭಿಸಬೇಕು, ಯಾವ ಕದನವನ್ನು ಮೊದಲು ಎತ್ತಿಕೊಳ್ಳಬೇಕು, ವಿದೇಶದಿಂದ ಲೋಹದ ಮಾದರಿಗಳನ್ನು ತರಿಸದೆ ಆಡಲು ಸಾಧ್ಯವೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಮಲಪ್ರಭಾ, ಬೆಳಗಾವಿ

ಅಘನಾಶಿನಿ ಅವರೇ, ನಿಮ್ಮ ಪತ್ರದಲ್ಲಿ ಸ್ಕೇಲ್ ಮೊದಲು ಬಂದಿದೆ, ಕದನ ಕೊನೆಗೆ ಬಂದಿದೆ. ಆ ಕ್ರಮವನ್ನು ತಿರುಗಿಸಿಕೊಳ್ಳಬೇಕು ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ಯಾವ ಕದನವನ್ನು ಆಡುತ್ತೀರಿ, ಆ ಕದನದಲ್ಲಿ ಎರಡೂ ಕಡೆಯ ನಾಯಕರಿಗೆ ಏನು ಬೇಕಾಗಿತ್ತು ಎಂಬುದು ನಿಶ್ಚಯವಾದರೆ ಜಾಗ, ನಿಯಮ, ಮಾದರಿ ಎಲ್ಲವೂ ಅದರ ಹಿಂದೆಯೇ ನಿಶ್ಚಯವಾಗುತ್ತವೆ. ಮಾದರಿಗಳಿಂದ ಆರಂಭಿಸಿದವರ ಮನೆಯಲ್ಲಿ ಹಡಗುಗಳು ಕಪಾಟಿನಲ್ಲಿಯೇ ಉಳಿದುಬಿಡುವುದನ್ನು ನಾನು ಸಾಕಷ್ಟು ನೋಡಿದ್ದೇನೆ.

ಹೊಸಬರಿಗೆ ನಾನು ಸೂಚಿಸುವುದು 1939ರ ಡಿಸೆಂಬರ್ 13ರಂದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ನಡೆದ ಪ್ಲೇಟ್ ನದಿಯ ಕದನ. ಜರ್ಮನಿಯ ಅಡ್ಮಿರಲ್ ಗ್ರಾಫ್ ಸ್ಪೀ ಎಂಬ ಯುದ್ಧನೌಕೆ ಒಂದು ಕಡೆ. ಬ್ರಿಟಿಷ್ ಕಮೊಡೋರ್ ಹೆನ್ರಿ ಹಾರ್ವುಡ್ ಅವರ ನಾಯಕತ್ವದ ಎಕ್ಸಿಟರ್, ಏಜಾಕ್ಸ್, ಅಕಿಲೀಸ್ ಎಂಬ ಮೂರು ಕ್ರೂಸರುಗಳು (ಮಧ್ಯಮ ಗಾತ್ರದ ವೇಗದ ಯುದ್ಧನೌಕೆಗಳು) ಇನ್ನೊಂದು ಕಡೆ. ಒಟ್ಟು ನಾಲ್ಕೇ ಹಡಗುಗಳು. ಜಲಾಂತರ್ಗಾಮಿಗಳಿಲ್ಲ, ವಿಮಾನವಾಹಕಗಳಿಲ್ಲ, ಮಂಜಿಲ್ಲ, ರಾತ್ರಿಯ ಕತ್ತಲಿಲ್ಲ. ಆದರೂ ಎರಡೂ ಕಡೆಯವರು ಮೊದಲ ಸರದಿಯಿಂದಲೇ ತಲೆ ಕೆಡಿಸಿಕೊಳ್ಳಬೇಕಾದ ಕದನ ಇದು. ಏಕೆಂದರೆ ಗ್ರಾಫ್ ಸ್ಪೀ ಬಳಿ 28 ಸೆಂಟಿಮೀಟರ್ ಬಾಯಗಲದ ಆರು ಫಿರಂಗಿಗಳಿದ್ದವು. ಅವುಗಳ ಒಂದೊಂದು ಗುಂಡು 300 ಕಿಲೋ ತೂಗುತ್ತಿತ್ತು. ಎಕ್ಸಿಟರ್‌ನ 8 ಅಂಗುಲದ ಗುಂಡು ಸುಮಾರು 116 ಕಿಲೋ, ಉಳಿದೆರಡು ಹಡಗುಗಳ 6 ಅಂಗುಲದ ಗುಂಡು ಸುಮಾರು 51 ಕಿಲೋ. ಮೂರೂ ಬ್ರಿಟಿಷ್ ಹಡಗುಗಳು ಒಮ್ಮೆಗೇ ಹಾರಿಸಿದರೂ ತೂಕ ಸುಮಾರು 1,500 ಕಿಲೋ. ಗ್ರಾಫ್ ಸ್ಪೀ ಒಂದೇ, ತನ್ನ ದೊಡ್ಡ ಫಿರಂಗಿಗಳಿಂದ ಮಾತ್ರವೇ, 1,800 ಕಿಲೋ ಹಾರಿಸಬಲ್ಲದು. ಇದನ್ನು ತಿಳಿದಿದ್ದ ಹಾರ್ವುಡ್ ಅವರು ಎಕ್ಸಿಟರನ್ನು ಒಂದು ದಿಕ್ಕಿಗೂ ಏಜಾಕ್ಸ್ ಮತ್ತು ಅಕಿಲೀಸ್ ಜೋಡಿಯನ್ನು ಇನ್ನೊಂದು ದಿಕ್ಕಿಗೂ ಕಳುಹಿಸಿ, ಎದುರಾಳಿಯ, ಫಿರಂಗಿಗಳನ್ನು ಹೊತ್ತು ತಿರುಗುವ ಎರಡೇ ಟರೆಟ್‌ಗಳು ಯಾರ ಕಡೆ ತಿರುಗಬೇಕೆಂಬ ಸಂದಿಗ್ಧವನ್ನು ತಂದೊಡ್ಡಿದರು.

ಈಗ ಜಾಗದ ವಿಚಾರ. ಹಡಗಿನ ಮಾದರಿಯ ಅಳತೆ ಬೇರೆ, ನೆಲದ ಅಳತೆ ಬೇರೆ. ಇವೆರಡೂ ಒಂದೇ ಆಗಿರಬೇಕೆಂದು ಹಟ ಹಿಡಿದರೆ 1/2400ರಲ್ಲಿ ಇಪ್ಪತ್ತು ಸಾವಿರ ಗಜಕ್ಕೆ ಏಳೂವರೆ ಮೀಟರಿಗಿಂತ ಹೆಚ್ಚು ಉದ್ದದ ಕೋಣೆ ಬೇಕಾಗುತ್ತದೆ. ಅದರ ಬದಲು ನೆಲದ ಮೇಲೆ 1 ಸೆಂಟಿಮೀಟರ್ ಎಂದರೆ 100 ಗಜ ಎಂದೂ ಒಂದು ಸರದಿ ಎಂದರೆ 3 ನಿಮಿಷ ಎಂದೂ ಇಟ್ಟುಕೊಳ್ಳಿ. ಒಂದು ನಾಟ್ (ಗಂಟೆಗೆ ಒಂದು ನಾವಿಕ ಮೈಲಿ) ವೇಗದ ಹಡಗು ಮೂರು ನಿಮಿಷಗಳಲ್ಲಿ ನೂರು ಗಜಕ್ಕಿಂತ ಒಂದೆರಡು ಗಜ ಮಾತ್ರ ಹೆಚ್ಚು ಹೋಗುತ್ತದೆ. ನಾವಿಕರು ನಿಜವಾದ ಸಮುದ್ರದಲ್ಲಿಯೂ ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾರೆ. ಹೀಗಾಗಿ 25 ನಾಟ್ ವೇಗದ ಹಡಗು ಒಂದು ಸರದಿಗೆ 25 ಸೆಂಟಿಮೀಟರ್ ಮುಂದೆ ಹೋಗುತ್ತದೆ, ಯಾವ ಕೋಷ್ಟಕವನ್ನೂ ನೋಡಬೇಕಿಲ್ಲ. ಇಪ್ಪತ್ತು ಸಾವಿರ ಗಜ ಎಂದರೆ ಎರಡು ಮೀಟರ್. ನಿಮ್ಮ ಹಜಾರದಲ್ಲಿ ಧಾರಾಳವಾಗಿ ಹಿಡಿಯುತ್ತದೆ. ಹಜಾರಕ್ಕೆ 60 ಸೆಂಟಿಮೀಟರಿನ ಟೈಲ್ಸ್ ಹಾಕಿಸಿದ್ದರೆ ಇನ್ನೂ ಒಳ್ಳೆಯದು, ಒಂದೊಂದು ಟೈಲ್ ಆರು ಸಾವಿರ ಗಜದ ಚೌಕವಾಗುತ್ತದೆ. ಹಡಗುಗಳು ಗೋಡೆಯ ಹತ್ತಿರ ಬಂದರೆ ಆಟ ನಿಲ್ಲಿಸಬೇಕಿಲ್ಲ: ಎಲ್ಲ ಹಡಗುಗಳನ್ನೂ ಒಂದೇ ದಿಕ್ಕಿಗೆ ಒಂದೇ ದೂರ ಸರಿಸಿದರೆ ಅವುಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ.

ನಿಯಮಗಳ ಬಗ್ಗೆ: ಅಚ್ಚಾದ ನಿಯಮಗಳನ್ನು ಮುಂದೆ ಕೊಳ್ಳಬಹುದು. ಮೊದಲ ಆಟಗಳಿಗೆ ನಾನು ಹೊಸಬರಿಗೆ ಕೊಡುವ ನಿಯಮ ಒಂದು ಪುಟದ್ದು. ಪ್ರತಿ ಸರದಿಯಲ್ಲೂ ಇಬ್ಬರೂ ತಮ್ಮ ಹಡಗುಗಳ ವೇಗ ಮತ್ತು ತಿರುವನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದು, ಒಟ್ಟಿಗೆ ತೆರೆದು, ಒಟ್ಟಿಗೆ ನಡೆಸಬೇಕು. ಚದುರಂಗದಲ್ಲಿ ಪಳಗಿದ ಹುಡುಗನಿಗೆ ಇದೇ ಹೊಸ ಪಾಠ, ಏಕೆಂದರೆ ಇಲ್ಲಿ ಎದುರಾಳಿಯ ನಡೆಯನ್ನು ನೋಡಿ ಉತ್ತರ ಕೊಡಲಾಗದು, ಊಹಿಸಿ ಕೊಡಬೇಕು. ನಂತರ ಗುಂಡಿನ ಹಂತ. ಗುರಿಯ ಕಡೆ ತಿರುಗಬಲ್ಲ ಪ್ರತಿ ಟರೆಟ್‌ಗೆ ಒಂದು ದಾಳ. 15 ಸಾವಿರ ಗಜದಾಚೆ 6 ಬಿದ್ದರೆ ಏಟು, 10ರಿಂದ 15 ಸಾವಿರದ ನಡುವೆ 5 ಅಥವಾ 6, ಅದಕ್ಕಿಂತ ಹತ್ತಿರದಲ್ಲಿ 4ರಿಂದ 6. ಆರು ಅಂಗುಲದ ಫಿರಂಗಿಗಳು 15 ಸಾವಿರ ಗಜದಾಚೆ ಹೊಡೆದಾಗ ಬಿದ್ದ 6ನ್ನು ಮತ್ತೊಮ್ಮೆ ಎಸೆದು 4ಕ್ಕಿಂತ ಕಡಿಮೆಯಾದರೆ ಏಟಿಲ್ಲ ಎಂದು ಇಟ್ಟುಕೊಳ್ಳಿ. ಎರಡು ಹಡಗುಗಳು ಒಂದೇ ಗುರಿಗೆ ಹೊಡೆದರೆ ನೀರಿನಲ್ಲಿ ಎದ್ದ ಚಿಮ್ಮು ಯಾರ ಗುಂಡಿನದೆಂದು ತಿಳಿಯದೆ ಗುರಿ ತಿದ್ದುವುದು ಕಷ್ಟವಾಗುತ್ತಿತ್ತಾದ್ದರಿಂದ ಎರಡನೆಯ ಹಡಗಿಗೆ ಒಂದು ದಾಳ ಕಡಿಮೆ.

ಏಟಿನ ತೂಕವನ್ನು ಗುಂಡಿನ ತೂಕದಿಂದಲೇ ತೆಗೆದುಕೊಳ್ಳಬಹುದು: 28 ಸೆಂಟಿಮೀಟರಿನ ಏಟಿಗೆ 6 ಅಂಕ, 8 ಅಂಗುಲದ್ದಕ್ಕೆ 2, 6 ಅಂಗುಲದ್ದಕ್ಕೆ 1. ಹಡಗಿನ ಆಯುಷ್ಯಕ್ಕೆ 200 ಟನ್ನಿಗೆ ಒಂದು ಅಂಕ. 8,390 ಟನ್ನಿನ ಎಕ್ಸಿಟರ್‌ಗೆ 42, ಸುಮಾರು 7,000 ಟನ್ನಿನ ಏಜಾಕ್ಸ್ ಮತ್ತು ಅಕಿಲೀಸ್‌ಗೆ ತಲಾ 35, ಸುಮಾರು 12,000 ಟನ್ನಿನ ಗ್ರಾಫ್ ಸ್ಪೀಗೆ 60. ಅರ್ಧ ಅಂಕ ಹೋದರೆ ವೇಗವೂ ಅರ್ಧ. 28 ಸೆಂಟಿಮೀಟರಿನ ಪ್ರತಿ ಏಟಿಗೂ ಇನ್ನೊಂದು ದಾಳ ಎಸೆದು 5 ಅಥವಾ 6 ಬಿದ್ದರೆ ಒಂದು ಟರೆಟ್ ನಿಶ್ಶಬ್ದ. ವೇಗದ ಮಿತಿ ಏಜಾಕ್ಸ್ ಮತ್ತು ಅಕಿಲೀಸ್‌ಗೆ 32. ಗ್ರಾಫ್ ಸ್ಪೀ 1939ರ ಆಗಸ್ಟ್ 21ರಂದೇ ಜರ್ಮನಿಯಿಂದ ಹೊರಟು ತಿಂಗಳುಗಟ್ಟಲೆ ಸಮುದ್ರದಲ್ಲೇ ಇದ್ದುದರಿಂದ ಅದಕ್ಕೆ 24 ಸಾಕು.

ಗೆಲುವಿನ ಷರತ್ತನ್ನು ಮಾತ್ರ ಎಚ್ಚರಿಕೆಯಿಂದ ಬರೆದುಕೊಳ್ಳಿ. ಗ್ರಾಫ್ ಸ್ಪೀ ಆ ದಿನ ಮುಳುಗಲಿಲ್ಲ, ಅದರ ದೊಡ್ಡ ಫಿರಂಗಿಗಳು ಕೊನೆಯವರೆಗೂ ಹೊಡೆಯುತ್ತಲೇ ಇದ್ದವು. ಆದರೆ ಮನೆ ಸಾವಿರಾರು ಮೈಲಿ ದೂರವಿತ್ತು. ಇಂಧನವನ್ನು ಶುದ್ಧಗೊಳಿಸುವ ಯಂತ್ರವೂ ಅಡುಗೆಮನೆಯೂ ಏಟು ತಿಂದಿದ್ದವು, ಮೂತಿಯಲ್ಲಿ ತೂತಾಗಿತ್ತು. ಆದುದರಿಂದಲೇ ಕ್ಯಾಪ್ಟನ್ ಹಾನ್ಸ್ ಲಾಂಗ್ಸ್‌ಡಾರ್ಫ್ ಅವರು ಉರುಗ್ವೆಯ ಮಾಂಟೆವಿಡಿಯೊ ಬಂದರನ್ನು ಸೇರಿ, ಡಿಸೆಂಬರ್ 17ರಂದು ಹಡಗನ್ನು ತಾವೇ ಸ್ಫೋಟಿಸಿ ಮುಳುಗಿಸಿದರು. ಆಟದಲ್ಲಿಯೂ ಗ್ರಾಫ್ ಸ್ಪೀ 20 ಅಂಕ ಕಳೆದುಕೊಂಡರೆ, ಅದು ತೇಲುತ್ತಿದ್ದರೂ, ಸೋತಂತೆ. ಈ ಒಂದು ಷರತ್ತನ್ನು ಬಿಟ್ಟರೆ ಉಳಿಯುವುದು ಬರಿಯ ದಾಳದ ಆಟ; ಇದನ್ನು ಸೇರಿಸಿದರೆ ಜರ್ಮನ್ ನಾಯಕನ ಸ್ಥಾನದಲ್ಲಿ ಕುಳಿತವನಿಗೆ ಪ್ರತಿ ಸರದಿಯಲ್ಲೂ ಹೋರಾಡಬೇಕೇ, ತಪ್ಪಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಎದುರಾಗುತ್ತದೆ.

ಮಾದರಿಗಳಿಗೆ ಸದ್ಯಕ್ಕೆ ರಟ್ಟು ಸಾಕು. ಹಡಗಿನ ಮೇಲ್ನೋಟದ ಚಿತ್ರವನ್ನು ಕಾಗದದಲ್ಲಿ ಬಿಡಿಸಿ ದಪ್ಪ ರಟ್ಟಿಗೆ ಅಂಟಿಸಿ, ನಡುವಿನಲ್ಲಿ ಒಂದು ಚುಕ್ಕೆ ಇಡಿ. ಎಲ್ಲ ದೂರವನ್ನೂ ಚುಕ್ಕೆಯಿಂದ ಚುಕ್ಕೆಗೆ ಅಳೆಯಬೇಕು.

ನೇತ್ರಾವತಿ, ಮಂಗಳೂರು

ಮಲಪ್ರಭಾ ಅವರ ಸಲಹೆಯನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ರಟ್ಟಿನಲ್ಲಿಯೇ ನಿಂತುಬಿಡಬೇಡಿ ಎಂದೂ ಹೇಳಬೇಕಾಗಿದೆ. ಸರಿಯಾಗಿ ಬಣ್ಣ ಹಾಕಿದ ಹಡಗೊಂದು ನೆಲದ ಮೇಲೆ ನಿಂತಾಗ ಆಟದ ಗಾಂಭೀರ್ಯವೇ ಬೇರೆ, ಆ ವಯಸ್ಸಿನ ಹುಡುಗರಿಗಂತೂ ಅದರ ಆಕರ್ಷಣೆ ದೊಡ್ಡದು.

ಸ್ಕೇಲಿನ ವ್ಯತ್ಯಾಸ ಕಣ್ಣಿಗೆ ಹೇಗೆ ಕಾಣುತ್ತದೆಂದು ತಿಳಿಯಲು ಗ್ರಾಫ್ ಸ್ಪೀಯನ್ನೇ ತೆಗೆದುಕೊಳ್ಳೋಣ. ಅದರ ಉದ್ದ 186 ಮೀಟರ್. 1/1200ರಲ್ಲಿ ಅದು ಹದಿನೈದೂವರೆ ಸೆಂಟಿಮೀಟರ್, 1/2400ರಲ್ಲಿ ಏಳೂಮುಕ್ಕಾಲು, 1/3000ರಲ್ಲಿ ಆರಕ್ಕಿಂತ ತುಸು ಹೆಚ್ಚು, 1/6000ರಲ್ಲಿ ಮೂರು. ಮೇಲೆ ಹೇಳಿದ ನೆಲದ ಅಳತೆ ಲೆಕ್ಕ ಹಾಕಿದರೆ 1/9000ಕ್ಕೆ ಹತ್ತಿರ ಬರುತ್ತದೆ; ಅಂದರೆ ಯಾವ ಮಾದರಿ ತಂದರೂ ಅದು ಇರಬೇಕಾದ್ದಕ್ಕಿಂತ ದೊಡ್ಡದೇ. 1/1200ರ ಮಾದರಿಗಳು ನೋಡಲು ಬಲು ಚೆಂದ, ಆದರೆ ಎರಡು ಹಡಗುಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿದರೆ ಮೂತಿ ಬಾಲಕ್ಕೆ ತಾಗುತ್ತದೆ. ನಾಲ್ಕಾರು ಹಡಗುಗಳ ಕದನಗಳಿಗೆ 1/2400 ಹಿತವಾದ ಅಳತೆ: ಟರೆಟ್ ಯಾವುದು, ಹೊಗೆಕೊಳವೆ ಯಾವುದೆಂದು ನಿಂತುಕೊಂಡೇ ಗುರುತಿಸಬಹುದು. ಜಟ್ಲೆಂಡ್‌ನಂತಹ ನೂರಾರು ಹಡಗುಗಳ ಕದನಕ್ಕೆ ಮುಂದೆಂದಾದರೂ ಮನಸ್ಸಾದರೆ ಆಗ 1/6000ದ ಬಗ್ಗೆ ಯೋಚಿಸಿ.

ಲೋಹದ ಮಾದರಿಗಳಲ್ಲಿ ಅಮೆರಿಕದ ಜಿಎಚ್‌ಕ್ಯೂ ಸಂಸ್ಥೆಯ 1/2400ರ ಹಡಗುಗಳು ಮತ್ತು ಇಂಗ್ಲೆಂಡಿನ ನಾವ್‌ವಾರ್ ಸಂಸ್ಥೆಯ 1/3000ದ ಹಡಗುಗಳು ಬಹಳ ಕಾಲದಿಂದ ಹೆಸರಾಗಿವೆ. ತರಿಸುವುದಾದರೆ ಒಂದೊಂದಾಗಿ ತರಿಸಬೇಡಿ. ಕೊರಿಯರ್ ಶುಲ್ಕ ಮತ್ತು ಕಸ್ಟಮ್ಸ್ ಸುಂಕ ಸೇರಿದಾಗ ಸಣ್ಣ ಪೊಟ್ಟಣ ದುಬಾರಿಯಾಗುತ್ತದೆ. ಈಗ ರೆಸಿನ್‌ನಲ್ಲಿ 3ಡಿ ಪ್ರಿಂಟ್ ಮಾಡಿಕೊಡುವವರು ನಮ್ಮ ದೊಡ್ಡ ಊರುಗಳಲ್ಲಿ ಇದ್ದಾರೆ. ಹಡಗಿನ ವಿನ್ಯಾಸದ ಫೈಲನ್ನು ಕೊಂಡು ಅವರಿಗೆ ಕೊಟ್ಟರೆ ನಾಲ್ಕೂ ಹಡಗುಗಳು ಒಂದೇ ತಟ್ಟೆಯಲ್ಲಿ ತಯಾರಾಗುತ್ತವೆ. ಹಳೆಯ ಲೋಹದ ಮಾದರಿಗಳಲ್ಲಿ ಸೀಸ ಇರುವುದುಂಟು. ಅರದಿಂದ ಉಜ್ಜಿದ ಮೇಲೆ, ವಿಶೇಷವಾಗಿ ಮಕ್ಕಳು, ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಬಣ್ಣದ ವಿಷಯದಲ್ಲಿ ಹೊಸಬರಿಗೆ ಮೊದಲು ತಿಳಿಯಬೇಕಾದ ಸಂಗತಿ ಎಂದರೆ ನಿಜವಾದ ಹಡಗಿನ ಬೂದು ಬಣ್ಣವನ್ನು ಹಾಗೆಯೇ ಹಚ್ಚಿದರೆ ಇಷ್ಟು ಸಣ್ಣ ಮಾದರಿ ಕಪ್ಪಾಗಿ ಕಾಣುತ್ತದೆ. ಎರಡು ಮೂರು ಪಾಲು ಬಿಳಿ ಬೆರೆಸಿ ತಿಳಿಯಾಗಿಸಿಕೊಳ್ಳಿ. ಆಮೇಲೆ ಕಪ್ಪು ಮಿಶ್ರಿತ ಕಂದು ಬಣ್ಣವನ್ನು ನೀರಿನಷ್ಟು ತೆಳ್ಳಗೆ ಮಾಡಿ ಇಡೀ ಹಡಗಿನ ಮೇಲೆ ಹರಿಸಿ. ಅದು ಟರೆಟ್‌ಗಳ ಬುಡದಲ್ಲಿ, ಡೆಕ್ಕಿನ ಅಂಚುಗಳಲ್ಲಿ ನಿಂತು ನೆರಳಾಗುತ್ತದೆ. ಒಣಗಿದ ನಂತರ ಬಹುತೇಕ ಒರೆಸಿದ ಕುಂಚದಲ್ಲಿ ತಿಳಿ ಬೂದು ಬಣ್ಣ ಹಿಡಿದು ಮೇಲ್ಮೇಲೆ ಸವರಿದರೆ ಫಿರಂಗಿಗಳ ಅಂಚು ಎದ್ದು ಬರುತ್ತದೆ. ಗ್ರಾಫ್ ಸ್ಪೀಯ ಡೆಕ್ ಮರದ್ದು, ಅದಕ್ಕೆ ತಿಳಿ ಕಂದು ಹಚ್ಚಿ. ಪ್ರೈಮರ್ (ಬಣ್ಣಕ್ಕೆ ಮೊದಲು ಹಾಕುವ ತಳಪದರ) ಸ್ಪ್ರೇ ಮಾಡುವವರು ಕರಾವಳಿಯಲ್ಲಿದ್ದರೆ ಮಳೆಗಾಲದಲ್ಲಿ ಆ ಕೆಲಸಕ್ಕೆ ಕೈ ಹಾಕದಿರುವುದು ಲೇಸು. ಗಾಳಿಯ ತೇವಕ್ಕೆ ಪದರ ಬಿಳಿಚಿಕೊಂಡು ಒರಟಾಗುತ್ತದೆ. ಹುಬ್ಬಳ್ಳಿಯಲ್ಲಿ ನಿಮಗೆ ಈ ತೊಂದರೆ ಅಷ್ಟಾಗಿ ಇರಲಾರದು.

ಪ್ರತಿ ಹಡಗನ್ನೂ ಒಂದು ತಳಪಟ್ಟಿಯ ಮೇಲೆ ಕೂರಿಸಿ, ಹಿಂಭಾಗದ ಅಂಚಿನಲ್ಲಿ ಹೆಸರು ಬರೆಯಿರಿ. ತಳವನ್ನು ಹಿಡಿದೇ ಎತ್ತುವ ಅಭ್ಯಾಸ ಮೊದಲ ದಿನದಿಂದಲೇ ಆದರೆ ಕೂವೆಮರಗಳು ಉಳಿಯುತ್ತವೆ.

ಕಾಳಿ, ಕಾರವಾರ

ಇಬ್ಬರೂ ಉಪಯುಕ್ತವಾಗಿ ಬರೆದಿದ್ದಾರೆ. ನಾನು ಸೇರಿಸಬೇಕೆಂದಿರುವುದು ನಮ್ಮ ಸಮುದ್ರಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು.

ಮಲಪ್ರಭಾ ಅವರು ಹೆಸರಿಸಿದ ಅಕಿಲೀಸ್ ಕ್ರೂಸರನ್ನೇ 1948ರಲ್ಲಿ ಭಾರತ ಕೊಂಡುಕೊಂಡಿತು. ಅದೇ ಮುಂದೆ ಐಎನ್ಎಸ್ ಡೆಲ್ಲಿಯಾಗಿ 1978ರವರೆಗೆ ನಮ್ಮ ನೌಕಾಪಡೆಯ ಸೇವೆಯಲ್ಲಿತ್ತು. ಪ್ಲೇಟ್ ನದಿಯ ಕದನದ ಕಾಲದಲ್ಲಿ ಅದು ನ್ಯೂಜಿಲೆಂಡಿನ ನೌಕಾ ವಿಭಾಗಕ್ಕೆ ಸೇರಿದ್ದುದರಿಂದ, ಹಡಗನ್ನು ಕಳಚಿದಾಗ ಅದರ ಒಂದು ಟರೆಟ್ಟನ್ನು ನಮ್ಮವರು ಆ ದೇಶಕ್ಕೆ ಉಡುಗೊರೆಯಾಗಿ ಕೊಟ್ಟರು. ನಿಮ್ಮ ಅಕ್ಕನ ಮಗನಿಗೆ ನಾಲ್ಕು ಹಡಗುಗಳಲ್ಲಿ ಒಂದನ್ನು ಕೊಡುವಾಗ ಈ ಸಂಗತಿಯನ್ನು ಹೇಳಿ ಕೊಡಿ. ನಮ್ಮ ರಾಜ್ಯದ ಅಂದಿನ ಹೆಸರನ್ನು ಹೊತ್ತ ಐಎನ್ಎಸ್ ಮೈಸೂರು ಕೂಡ ಹೀಗೆಯೇ ಬಂದದ್ದು: ಎಚ್ಎಂಎಸ್ ನೈಜೀರಿಯಾ ಎಂಬ 6 ಅಂಗುಲದ ಫಿರಂಗಿಗಳ ಕ್ರೂಸರು 1957ರಲ್ಲಿ ಮೈಸೂರು ಎಂಬ ಹೆಸರಿನಿಂದ ನಮ್ಮ ಪಡೆಯನ್ನು ಸೇರಿತು. 1961ರ ಡಿಸೆಂಬರಿನಲ್ಲಿ, ಇಲ್ಲಿ ಕಾರವಾರದ ದಡದಿಂದ ಕಣ್ಣಿಗೆ ಕಾಣುವ ಅಂಜುದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳುವ ಕಾರ್ಯಾಚರಣೆಯಲ್ಲಿ ಮೈಸೂರು ಮತ್ತು ತ್ರಿಶೂಲ್ ಹಡಗುಗಳು ಇದ್ದವು. ಆ ಹೋರಾಟದಲ್ಲಿ ಪ್ರಾಣ ಕೊಟ್ಟ ನಾವಿಕರ ಸ್ಮಾರಕ ದ್ವೀಪದಲ್ಲಿದೆ.

ಎರಡನೆಯ ಆಟವಾಗಿ ಅದೇ ಡಿಸೆಂಬರ್ 18ರಂದು ಗೋವಾದ ಮರ್ಮಗೋವಾ ಬಂದರಿನಲ್ಲಿ ನಡೆದ ಕದನವನ್ನು ಆಡಬಹುದೆಂದು ನನ್ನ ಅಭಿಪ್ರಾಯ. ನಮ್ಮ ಬೇತ್ವಾ ಮತ್ತು ಬಿಯಾಸ್ ಫ್ರಿಗೇಟುಗಳಲ್ಲಿ 4.5 ಅಂಗುಲದ ತಲಾ ನಾಲ್ಕು ಫಿರಂಗಿಗಳಿದ್ದವು, ಜೊತೆಗೆ ಕಾವೇರಿ ಎಂಬ ಇನ್ನೊಂದು ಹಡಗಿತ್ತು. ಎದುರಿಗಿದ್ದದ್ದು 1930ರ ದಶಕದ ಅಫೊನ್ಸೊ ಡಿ ಅಲ್ಬುಕರ್ಕ್ ಎಂಬ ಒಂಟಿ ಹಡಗು, ಅದರಲ್ಲಿ 120 ಮಿಲಿಮೀಟರಿನ ನಾಲ್ಕು ಫಿರಂಗಿಗಳು. ಅದರ ಕ್ಯಾಪ್ಟನ್ ತೀವ್ರವಾಗಿ ಗಾಯಗೊಂಡರು, ಹಡಗನ್ನು ಕೊನೆಗೆ ದಡಕ್ಕೆ ಹತ್ತಿಸಬೇಕಾಯಿತು. ಬಲಾಬಲದಲ್ಲಿ ಇದು ಸಮಸಮದ ಕದನವಲ್ಲ. ಆದುದರಿಂದ ಪೋರ್ಚುಗೀಸ್ ಕಡೆಯವನ ಗೆಲುವನ್ನು ಅವನು ಎಷ್ಟು ಸರದಿ ಹೋರಾಡುತ್ತ ಉಳಿದನೆಂಬುದರಿಂದ ಅಳೆಯಬೇಕು. ತೆರೆದ ಸಮುದ್ರದಲ್ಲಿ ಆಡಿ ಅಭ್ಯಾಸವಾದವರಿಗೆ ಇಲ್ಲಿ ದಡ, ಆಳವಿಲ್ಲದ ನೀರು, ತಿರುಗಲು ಇಕ್ಕಟ್ಟು ಎಲ್ಲವೂ ಹೊಸದಾಗಿ ಎದುರಾಗುತ್ತವೆ. ದೂರಗಳು ಕಡಿಮೆಯಾದ್ದರಿಂದ ನೆಲದ ಅಳತೆಯನ್ನು 1 ಸೆಂಟಿಮೀಟರಿಗೆ 50 ಗಜ, ಸರದಿಯನ್ನು ಒಂದೂವರೆ ನಿಮಿಷ ಎಂದು ಅರ್ಧಕ್ಕೆ ಇಳಿಸಿಕೊಂಡರೆ ವೇಗದ ಲೆಕ್ಕ ಬದಲಾಗುವುದಿಲ್ಲ.

ಹುಡುಗರು ಸಾಮಾನ್ಯವಾಗಿ ಮೊದಲು ಕೇಳುವುದು 1971ರ ಕರಾಚಿ ದಾಳಿಯನ್ನು. ಅದನ್ನು ಸ್ವಲ್ಪ ಮುಂದಕ್ಕೆ ಹಾಕಿ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ದೋಣಿಗಳು ಹಾರಿಸಿದ ಕ್ಷಿಪಣಿಗಳ ವ್ಯಾಪ್ತಿ ಸುಮಾರು 40 ಕಿಲೋಮೀಟರ್. 1 ಸೆಂಟಿಮೀಟರಿಗೆ 100 ಗಜದ ಮೊದಲಿನ ಅಳತೆಯಲ್ಲಿಯೇ ಅದು ನಾಲ್ಕು ಮೀಟರನ್ನು ಮೀರುತ್ತದೆ. ಅಲ್ಲಿ ಸೋಲುಗೆಲುವು ನಿರ್ಧಾರವಾಗುವುದು ಯಾರು ಯಾರನ್ನು ರೇಡಾರಿನಲ್ಲಿ ಮೊದಲು ಕಂಡರೆಂಬುದರಿಂದ, ಹಾಗಾಗಿ ನೆಲದ ಮೇಲಿನ ಹಡಗುಗಳಿಗಿಂತ ಗುಟ್ಟಾದ ನಕಾಶೆಯೇ ಮುಖ್ಯವಾಗುತ್ತದೆ. ಆದರೆ ಅದೇ ಬಗೆಯ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ನಮ್ಮೂರ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಹುಡುಗನನ್ನು ಕರೆತನ್ನಿ. ಉದ್ದ ನಲವತ್ತು ಮೀಟರಿಗೂ ಕಡಿಮೆ ಇರುವ ಆ ದೋಣಿಯ ಡೆಕ್ಕಿನ ಮೇಲೆ ನಿಂತು, ಇದೇ 1/2400ರಲ್ಲಿ ಒಂದೂವರೆ ಸೆಂಟಿಮೀಟರ್ ಚಿಲ್ಲರೆ ಎಂದು ತೋರಿಸಿದರೆ ಸ್ಕೇಲ್ ಎಂಬುದು ಅವನಿಗೆ ಪೂರ್ತಿ ಮನದಟ್ಟಾಗುತ್ತದೆ.

ಅಘನಾಶಿನಿ, ಹುಬ್ಬಳ್ಳಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ರಟ್ಟಿನ ಹಡಗುಗಳನ್ನು ಮಾಡಿಕೊಂಡು ಹಜಾರದಲ್ಲಿ ಆಡಿ ನೋಡಿದೆವು. ಆಟ ಬಹಳ ಹಿಡಿಸಿತು. ಬರೆದ ಚೀಟಿಗಳನ್ನು ತೆರೆಯುವ ಕ್ಷಣಕ್ಕಾಗಿ ಹುಡುಗ ಕಾತರದಿಂದ ಕಾಯುತ್ತಾನೆ.

ಎರಡು ತೊಡಕುಗಳು ಕಂಡಿವೆ. ಮೊದಲನೆಯದಾಗಿ, ಬ್ರಿಟಿಷ್ ಕಡೆ ಆಡುವವನು ಏಜಾಕ್ಸ್ ಮತ್ತು ಅಕಿಲೀಸ್‌ಗಳನ್ನು ಪೂರ್ಣ ವೇಗದಲ್ಲಿ ಎಂಟು ಸಾವಿರ ಗಜದೊಳಕ್ಕೆ ನುಗ್ಗಿಸಿದರೆ ಏಳು ದಾಳಗಳು ಒಮ್ಮೆಗೇ ಬಿದ್ದು ಗ್ರಾಫ್ ಸ್ಪೀಯ 20 ಅಂಕಗಳು ಬೇಗನೆ ಕರಗಿಹೋಗುತ್ತವೆ. ಎರಡನೆಯದಾಗಿ, ಹುಡುಗ ಚೀಟಿ ಬರೆಯುವ ಮೊದಲೇ ಟೇಪ್ ಹಿಡಿದು ಎಲ್ಲ ದೂರಗಳನ್ನೂ ಅಳೆದುಕೊಳ್ಳುತ್ತಾನೆ. ನಿಜವಾದ ನಾಯಕರಿಗೆ ಇಷ್ಟು ನಿಖರವಾದ ಮಾಹಿತಿ ಇರಲಿಲ್ಲವಲ್ಲ ಎಂಬುದು ನನ್ನ ಅನುಮಾನ.

ಮಲಪ್ರಭಾ, ಬೆಳಗಾವಿ

ಎರಡೂ ಸರಿಯಾದ ಗಮನಿಕೆಗಳು. ಮೊದಲನೆಯದಕ್ಕೆ ಉತ್ತರ ಆ ದಿನದ ಕದನದಲ್ಲಿಯೇ ಇದೆ. ಹಾರ್ವುಡ್ ಅವರೂ ಹತ್ತಿರಕ್ಕೆ ನುಗ್ಗಿದರು. ಆದರೆ ಬೆಳಿಗ್ಗೆ 7 ಗಂಟೆ 25 ನಿಮಿಷದ ಸುಮಾರಿಗೆ ಬಿದ್ದ 28 ಸೆಂಟಿಮೀಟರಿನ ಒಂದೇ ಒಂದು ಗುಂಡು ಏಜಾಕ್ಸ್‌ನ ಹಿಂಭಾಗದ ಎರಡೂ ಟರೆಟ್‌ಗಳನ್ನು ನಿಷ್ಕ್ರಿಯಗೊಳಿಸಿತು. ಮದ್ದುಗುಂಡು ಶೇಕಡಾ 20ರಷ್ಟೇ ಉಳಿದಿದೆ ಎಂಬ ವರದಿಯೂ ಬಂದಿತು. 7 ಗಂಟೆ 40 ನಿಮಿಷದ ಹೊತ್ತಿಗೆ ಅವರು ಹೊಗೆಯ ಮರೆಯಲ್ಲಿ ಹಿಂದೆ ಸರಿದು, ಕತ್ತಲಾಗುವವರೆಗೆ ದೂರದಿಂದ ಹಿಂಬಾಲಿಸುವ ನಿರ್ಧಾರ ಮಾಡಿದರು. ನಿಮ್ಮ ಆಟದಲ್ಲಿ ಈ ಬೆಲೆ ಇನ್ನೂ ಸೇರಿಲ್ಲ, ಅಷ್ಟೆ.

ಸರಳ ನಿಯಮದಲ್ಲಿ ನಾನು ಬಿಟ್ಟಿದ್ದ ಮೂರು ಅಂಶಗಳನ್ನು ಈಗ ಸೇರಿಸಿಕೊಳ್ಳಿ. ಗ್ರಾಫ್ ಸ್ಪೀಯಲ್ಲಿ 15 ಸೆಂಟಿಮೀಟರಿನ ಎಂಟು ಫಿರಂಗಿಗಳು ಬದಿಗೆ ನಾಲ್ಕರಂತೆ ಇದ್ದವು. 10 ಸಾವಿರ ಗಜದೊಳಗೆ ಬಂದವರ ಮೇಲೆ ಆ ಬದಿಯಿಂದ ಎರಡು ದಾಳ, ಏಟಿಗೆ ಒಂದು ಅಂಕ. ಗ್ರಾಫ್ ಸ್ಪೀಯ ರಕ್ಷಾಕವಚವನ್ನು 6 ಅಂಗುಲದ ಗುಂಡು ಸುಲಭವಾಗಿ ಭೇದಿಸುತ್ತಿರಲಿಲ್ಲವಾದ್ದರಿಂದ ಅಂತಹ ಪ್ರತಿ ಏಟಿಗೂ ಮರುದಾಳ ಎಸೆದು 1ರಿಂದ 3 ಬಿದ್ದರೆ ಅಂಕ ಕಳೆಯಬೇಡಿ. ಮೂರನೆಯದು ಟಾರ್ಪೆಡೊ. ಗ್ರಾಫ್ ಸ್ಪೀಯಲ್ಲಿಯೂ ಬ್ರಿಟಿಷ್ ಕ್ರೂಸರುಗಳಲ್ಲಿಯೂ ಟಾರ್ಪೆಡೊ ಕೊಳವೆಗಳಿದ್ದವು, ಆ ದಿನ ಎರಡೂ ಕಡೆಯವರು ಬಳಸಿದರು. ಅದರ ವೇಗ 40 ನಾಟ್ ಎಂದಿಟ್ಟುಕೊಂಡರೆ ಸರದಿಗೆ 40 ಸೆಂಟಿಮೀಟರ್. ಗುರಿ ಈಗ ಇರುವ ಜಾಗಕ್ಕೆ ಬಿಟ್ಟರೆ ಪ್ರಯೋಜನವಿಲ್ಲ, ಎರಡು ಸರದಿಯ ನಂತರ ಅದು ಎಲ್ಲಿರುತ್ತದೆಂದು ಊಹಿಸಿ ದಿಕ್ಕನ್ನು ಚೀಟಿಯಲ್ಲಿ ಬರೆದಿಡಬೇಕು. ನೇರವಾಗಿ ನುಗ್ಗಿ ಬರುವ ಹಡಗಿನ ಜಾಗವನ್ನು ಊಹಿಸುವುದು ಅತಿ ಸುಲಭವಾದ್ದರಿಂದ, ಹುಡುಗ ತಾನಾಗಿಯೇ ದಿಕ್ಕು ಬದಲಿಸುತ್ತ ಹತ್ತಿರ ಬರುವುದನ್ನು ಕಲಿಯುತ್ತಾನೆ.

ಟೇಪಿನ ವಿಷಯಕ್ಕೆ ಬಹಳ ಹಳೆಯ ಪರಿಹಾರವಿದೆ. ಅಮೆರಿಕದ ಬರಹಗಾರ ಫ್ಲೆಚರ್ ಪ್ರ್ಯಾಟ್ ಅವರು 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಮರದ ಹಡಗುಗಳನ್ನು ದೊಡ್ಡ ನೆಲದ ಮೇಲೆ ಇಟ್ಟು ಆಡಿಸುತ್ತಿದ್ದ ಆಟದಲ್ಲಿ ದಾಳವೇ ಇರಲಿಲ್ಲ. ಆಟಗಾರನು ಗುರಿಯ ಕಡೆಗೆ ಬಾಣದ ಗುರುತನ್ನು ಇಟ್ಟು, ದೂರವನ್ನು ಕಣ್ಣಂದಾಜಿನಿಂದ ಬರೆಯಬೇಕಾಗಿತ್ತು. ಆಮೇಲೆ ಅಳೆದು ನೋಡಿ, ಗುಂಡು ಬಿದ್ದ ಜಾಗದಲ್ಲಿ ಹಡಗಿದ್ದರೆ ಮಾತ್ರ ಏಟು. ನೀವು ದಾಳವನ್ನು ಪೂರ್ತಿ ಬಿಡಬೇಕಿಲ್ಲ. ಚೀಟಿಯಲ್ಲಿ ನಡೆಯ ಜೊತೆಗೆ ಅಂದಾಜು ದೂರವನ್ನೂ ಬರೆಯಲಿ. ಅಂದಾಜು ಹತ್ತು ಸೆಂಟಿಮೀಟರಿನೊಳಗೆ ಸರಿಯಿದ್ದರೆ ಒಂದು ದಾಳ ಹೆಚ್ಚು, ಮೂವತ್ತನ್ನು ಮೀರಿ ತಪ್ಪಿದ್ದರೆ ಆ ಸರದಿಯಲ್ಲಿ ಗುಂಡೇ ಇಲ್ಲ. ಗುಂಡು ಹಾರಿಸಿದ ಮೇಲೆ ಮಾತ್ರ ಟೇಪ್ ಹೊರಬರಬೇಕು. ಟೈಲ್ಸಿನ ಗೆರೆಗಳು ಅಂದಾಜನ್ನು ಸುಲಭ ಮಾಡಿಬಿಡುವುದರಿಂದ ಈ ನಿಯಮ ಹಾಕಿಕೊಂಡಾಗ ನೀಲಿ ಬಟ್ಟೆ ಹಾಸಿಕೊಳ್ಳಿ.

ಕಾಳಿ, ಕಾರವಾರ

ಮಾಹಿತಿಯನ್ನು ಮರೆಮಾಡುವ ವಿಷಯ ಬಂದದ್ದರಿಂದ ಒಂದು ಸಂಗತಿಯನ್ನು ಹೇಳಲೇಬೇಕು. 1942ರಲ್ಲಿ ಬ್ರಿಟಿಷ್ ನೌಕಾಪಡೆಯು ಲಿವರ್‌ಪೂಲಿನ ಡರ್ಬಿ ಹೌಸ್‌ನಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಅವರ ನೇತೃತ್ವದಲ್ಲಿ ಒಂದು ಘಟಕವನ್ನು ತೆರೆಯಿತು. ಜರ್ಮನ್ ಜಲಾಂತರ್ಗಾಮಿಗಳಿಂದ ಸರಕು ಹಡಗುಗಳ ಸಾಲನ್ನು ಕಾಪಾಡುವುದು ಹೇಗೆಂಬುದನ್ನು ಅಲ್ಲಿ ನೆಲದ ಮೇಲಿನ ಆಟದಿಂದಲೇ ಕಂಡುಹಿಡಿದು ಕಲಿಸಿದರು. ಆಟವನ್ನು ನಡೆಸುತ್ತಿದ್ದವರು ನೌಕಾಪಡೆಯ ಮಹಿಳಾ ವಿಭಾಗದ ಯುವತಿಯರು. ಜೀನ್ ಲೇಡ್ಲಾ ಮತ್ತು ಜ್ಯಾನೆಟ್ ಓಕೆಲ್ ಅವರಲ್ಲಿ ಹೆಸರಾದವರು. ಬೆಂಗಾವಲು ಹಡಗುಗಳ ಅಧಿಕಾರಿಗಳನ್ನು ಪರದೆಯ ಹಿಂದೆ ಕೂರಿಸಿ, ಸಣ್ಣ ಕಿಂಡಿಯಿಂದ ಮಾತ್ರ ನೆಲವನ್ನು ನೋಡಲು ಬಿಡುತ್ತಿದ್ದರು. ಹಡಗುಗಳ ಜಾಡನ್ನು ಬಿಳಿಯ ಸೀಮೆಸುಣ್ಣದಿಂದಲೂ ಜಲಾಂತರ್ಗಾಮಿಗಳ ಜಾಡನ್ನು ದೂರದಿಂದ ಕಣ್ಣಿಗೆ ಕಾಣದಂತಹ ಹಸಿರು ಸೀಮೆಸುಣ್ಣದಿಂದಲೂ ಎಳೆಯುತ್ತಿದ್ದರು. ಅಲ್ಲಿ ರೂಪುಗೊಂಡ ತಂತ್ರಗಳು ಅಟ್ಲಾಂಟಿಕ್‌ನಲ್ಲಿ ನಿಜವಾಗಿಯೂ ಬಳಕೆಗೆ ಬಂದವು.

ಮನೆಯಲ್ಲಿ ಮೂರನೆಯವರೊಬ್ಬರು ಸಿಕ್ಕಿದರೆ ಅವರನ್ನು ನಿರ್ಣಾಯಕರನ್ನಾಗಿ ಮಾಡಿ, ಎರಡು ಬಾಗಿಲುಗಳ ನಡುವೆ ಒಂದು ಪಂಚೆಯನ್ನೋ ಬೆಡ್‌ಶೀಟನ್ನೋ ಕಟ್ಟಿ ಇದನ್ನು ಆಡಬಹುದು. ನಾಲ್ಕು ಸರಕು ಹಡಗು, ಎರಡು ಬೆಂಗಾವಲು ಹಡಗು, ಒಂದು ಜಲಾಂತರ್ಗಾಮಿ ಸಾಕು. ಜಲಾಂತರ್ಗಾಮಿಯ ಆಟಗಾರನು ತನ್ನ ನಡೆಯನ್ನು ನಿರ್ಣಾಯಕರಿಗೆ ಮಾತ್ರ ಬರೆದು ಕೊಡಬೇಕು, ಉಳಿದವರಿಗೆ ಟಾರ್ಪೆಡೊ ತಗುಲಿದ ಹಡಗಿನ ಹೆಸರು ಮಾತ್ರ ತಿಳಿಯಬೇಕು. ನಿಮ್ಮ ಅಕ್ಕನವರು ಒಪ್ಪಿದರೆ ನಿರ್ಣಾಯಕರ ಸ್ಥಾನಕ್ಕೆ ಅವರನ್ನೇ ಕೇಳಿಕೊಳ್ಳಿ. ನಿಯಮ ಬರದಿದ್ದರೂ ಚಿಂತೆಯಿಲ್ಲ, ಬರೆದುಕೊಟ್ಟ ಸಂಖ್ಯೆಯಷ್ಟು ಸೆಂಟಿಮೀಟರ್ ಗೆರೆ ಎಳೆಯಲು ಬಂದರೆ ಸಾಕಾಗುತ್ತದೆ.